ಕಿರಂಗೂರಿಗೆ ನಾಲ್ಕು ಸೆಕೆಂಡು, ಸಿಂಧಘಟ್ಟಕ್ಕೆ ಮೂರು ನಿಮಿಷ

ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ನೋಟ್‌ಬುಕ್ಕು ಇರುತ್ತಿತ್ತು. ಎಡಗಡೆ ಗಂಟೆ, ಬಲಗಡೆ ಆ ಗಂಟೆಯಲ್ಲಿ ಆದದ್ದು. ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿ ಹದಿನೈದು ವರ್ಷ ಕೂತವನಿಗೆ ಈ ಅಭ್ಯಾಸ ಹಲ್ಲುಜ್ಜಿದಷ್ಟೇ ಸಹಜ. ಅಲ್ಲಿಂದ ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ. ಬಿಡಬೇಕು ಎಂದು ಹೇಳಿದವರ ಮಾತನ್ನೂ ಗಂಟೆ ಹಾಕಿ ಬರೆದುಕೊಂಡಿದ್ದೇನೆ.

ಶ್ರೀರಂಗಪಟ್ಟಣದಲ್ಲಿ ಮನೆ. ಕೆಲಸ, ಪಾಂಡವಪುರದಿಂದ ಕೆ.ಆರ್.ಪೇಟೆಗೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ಒಂದು ಚಿಕ್ಕ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ. ಆ ಕಾರ್ಖಾನೆ ಈಗ ಇಲ್ಲ, ಹೆಸರು ಹೇಳುವ ಅಗತ್ಯವೂ ಇಲ್ಲ. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂದಾಗ, ಗುಂಡಿ ಒತ್ತಲು ಹೆದರದವನು ಇವನೊಬ್ಬನೇ ಎಂದು ನನ್ನನ್ನು ಅದರ ಮುಂದೆ ಕೂರಿಸಿದರು. ಆರು ತಿಂಗಳಲ್ಲಿ ಪ್ರೋಗ್ರಾಂ ಬರೆಯುವುದನ್ನೂ ಕಲಿತೆ. ಕಷ್ಟವೇನಲ್ಲ. ಒಂದರ ಹಿಂದೆ ಒಂದು, ತಪ್ಪದಂತೆ ಹೇಳುತ್ತಾ ಹೋಗಬೇಕು, ಅಷ್ಟೆ. ಕವಾಯತು ಮಾಡಿಸಿದವನಿಗೆ ಅದು ಬರುತ್ತದೆ.

ಕಬ್ಬು ಬೆಳೆಯುವವನಿಗೆ ಕಡಿಯುವ ಪರ್ಮಿಟ್ ಎಂಬುದು ಒಂದು ತುಂಡು ಕಾಗದ, ಆದರೆ ವರ್ಷವಿಡೀ ಕಾದ ಕಾಗದ. ನಾಟಿ ಮಾಡಿದಾಗ ಕಾರ್ಖಾನೆಗೆ ಒಪ್ಪಿಗೆ ಬರೆದುಕೊಟ್ಟು ಒಂದು ನಂಬರು ಪಡೆಯುತ್ತಾನೆ. ನಾಟಿ ಯಾವ ದಿನ ಆಯಿತೋ ಅದರ ಪ್ರಕಾರ ಸರದಿ. ಸರದಿ ಬಂದಾಗ ಪರ್ಮಿಟ್ ಸಿಗಬೇಕು. ಸಿಗದಿದ್ದರೆ ಕಡಿಯುವ ಆಳುಗಳು ಬೇರೆ ಊರಿಗೆ ಹೋಗುತ್ತಾರೆ, ಕಬ್ಬು ಗದ್ದೆಯಲ್ಲಿ ಸೂಲಂಗಿ ಹೂ ಬಿಟ್ಟು ಒಣಗುತ್ತದೆ. ರಿಜಿಸ್ಟರ್ ಕಾಲದಲ್ಲಿ ಈ ಸರದಿ ಊರೂರು ತಿರುಗಿ ಕಬ್ಬು ನೋಡುವ ಫೀಲ್ಡ್‌ಮನ್‌ಗಳ ಕಂಕುಳಲ್ಲಿ ಓಡಾಡುತ್ತಿತ್ತು. ಯಾರು ಜೀಪಿಗೆ ಅಡ್ಡ ನಿಂತು ಜೋರು ಮಾಡಿದರೋ ಅವರ ಪುಟ ಮೊದಲು ತೆರೆಯುತ್ತಿತ್ತು. ಮೆತ್ತಗಿನವರು, ದೂರದ ಊರಿನವರು, ಗಂಡಸಿನ ಬೆಂಬಲವಿಲ್ಲದ ಹೆಂಗಸರು ಕೊನೆಗೆ. ಕಂಪ್ಯೂಟರ್ ಬಂದ ಮೇಲೆ ಅದು ನಿಂತಿತು. ಕೌಂಟರಿನಲ್ಲಿ ನಂಬರು ಹೇಳಿದರೆ ಮೂರು ಸೆಕೆಂಡಿಗೆ ಊರು, ಎಕರೆ, ನಾಟಿಯ ದಿನ, ಹೊಸ ನಾಟಿಯ ತನಿಯೋ ಮರುಚಿಗುರಿನ ಕೂಳೆಯೋ, ಎಲ್ಲ ಪರದೆಯ ಮೇಲೆ. ಸರದಿ ಬಂದಿದ್ದರೆ ಪರ್ಮಿಟ್ ಅಚ್ಚಾಗುತ್ತಿತ್ತು. ಬಂದಿಲ್ಲದಿದ್ದರೆ ಯಾರು ಎಷ್ಟು ಕೂಗಿದರೂ ಯಂತ್ರಕ್ಕೆ ಕೇಳಿಸುತ್ತಿರಲಿಲ್ಲ. ಎರಡು ಹಂಗಾಮು ಹೀಗೆ ನಡೆಯಿತು. ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಕೇಳಿದರೆ ಇವತ್ತಿಗೂ ಆ ಕೌಂಟರನ್ನೇ ಹೇಳುತ್ತೇನೆ.

ಮೂರನೆಯ ಹಂಗಾಮಿಗೆ ಮುಂಚೆ, ಕಾರ್ಖಾನೆ ನಿಂತಿದ್ದ ತಿಂಗಳುಗಳಲ್ಲಿ, ಮಾಹಿತಿ ಇಡುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಮೈಸೂರಿನಿಂದ ಬಂದ ಹುಡುಗ ಫ್ಲಾಪಿಗಳನ್ನು ಒಂದೊಂದಾಗಿ ತೂರಿಸಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿ ಹೋದ. ಅವನು ಹೋದ ಮೇಲೆ ನಾನು ನನ್ನ ಪದ್ಧತಿಯ ಪ್ರಕಾರ ಪರೀಕ್ಷೆ ಮಾಡಿದೆ. ಪರೀಕ್ಷೆಗೆಂದೇ ಒಂದು ನಂಬರು ಇಟ್ಟುಕೊಂಡಿದ್ದೆ, ಶ್ರೀರಂಗಪಟ್ಟಣ ತಾಲ್ಲೂಕಿನ ಕಿರಂಗೂರಿನ ಒಬ್ಬ ರೈತರದು. ಎರಡು ವರ್ಷದಿಂದ ಅದೇ ನಂಬರು. ಬದಲಾಯಿಸಿದರೆ ಹೋಲಿಸುವುದು ಹೇಗೆ? ಉತ್ತರ ನಾಲ್ಕು ಸೆಕೆಂಡಿಗೆ ಬಂತು. ಮೊದಲು ಮೂರಿತ್ತು. ಒಂದು ಸೆಕೆಂಡು ಹೆಚ್ಚು, ಅಡ್ಡಿಯಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದೆ.

ಹಂಗಾಮಿನ ಮೊದಲ ವಾರ ಬಂದವರು ಕೆಲವರೇ, ತಡ ಕಣ್ಣಿಗೆ ಬೀಳಲಿಲ್ಲ. ಎರಡನೆಯ ಸೋಮವಾರ, ಹತ್ತೂವರೆಗೆ, ಕೌಂಟರಿನ ಮುಂದಿನ ಸಾಲು ಕಬ್ಬು ವಿಭಾಗದ ಬಾಗಿಲು ದಾಟಿ ತೂಕದ ಮನೆಯ ತನಕ ಬೆಳೆದಿತ್ತು. ಪರದೆಯ ಮೇಲೆ ಕರ್ಸರ್ ಮಿನುಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಕೆಲವರಿಗೆ ಎರಡು ನಿಮಿಷ, ಕೆಲವರಿಗೆ ನಾಲ್ಕು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಆಪರೇಟರ್ ಶ್ರೀರಂಗಪಟ್ಟಣದ ಕಡೆಯ ಬೆಳಗೊಳದವರು, ಎರಡು ಮಕ್ಕಳ ತಾಯಿ. ಟೈಪ್ ಮಾಡುವಾಗ ಕೀಲಿಗಳ ಕಡೆ ನೋಡುತ್ತಲೇ ಇರಲಿಲ್ಲ. "ಸಾರ್, ನನ್ ಕೈ ನಿಧಾನ ಅಂತ ಮಾತ್ರ ಅಂದ್ಕೋಬೇಡಿ" ಎಂದರು.

"ನಿಮ್ಮ ಕೈ ಅಲ್ಲಮ್ಮ, ಎಲ್ಲೋ ತಡೆ ಇದೆ. ಹುಡುಕೋಣ."

ಹುಡುಕುವುದಕ್ಕೂ ಒಂದು ಕ್ರಮ ಉಂಟು. ವೈರ್‌ಲೆಸ್ ಕೆಟ್ಟರೆ ಮೊದಲು ಬ್ಯಾಟರಿ, ಆಮೇಲೆ ತಂತಿ, ಆಮೇಲೆ ಏರಿಯಲ್, ಕೊನೆಗೆ ಸೆಟ್ಟು. ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಜನ್ಮದಲ್ಲಿ ತಿಳಿಯುವುದಿಲ್ಲ. ಸೋಮವಾರ ಮಧ್ಯಾಹ್ನ ಕರೆಂಟು ನೋಡಿದೆ. ಸ್ಟೆಬಿಲೈಸರಿನ ಮುಳ್ಳು ನೆಟ್ಟಗಿತ್ತು. ಮಂಗಳವಾರ ಸರ್ವರಿನಿಂದ ಕೌಂಟರಿಗೆ ಬರುವ ತಂತಿ ಬದಲಿಸಿದೆ. ಏನೂ ಆಗಲಿಲ್ಲ. ಪ್ರಿಂಟರ್ ಬಿಚ್ಚಿ ಪಕ್ಕಕ್ಕಿಟ್ಟು ನೋಡಿದೆ. ಅದೂ ಅಲ್ಲ. ಬುಧವಾರ ಮೈಸೂರಿಗೆ ಫೋನು ಮಾಡಿದೆ. ಆ ಕಡೆಯವರು ಎಲ್ಲ ಕೇಳಿಸಿಕೊಂಡು, "ಹೊಸ ಆವೃತ್ತಿಗೆ ನಿಮ್ಮ ಮಿಷನ್ನು ಸಾಲೋದಿಲ್ಲ, ದೊಡ್ಡದು ತರಿಸಿ" ಎಂದರು. ಹಂಗಾಮಿನ ನಡುವೆ ಎಲ್ಲಿಂದ ತರಿಸುವುದು?

ಈ ಮೂರು ದಿನವೂ ಒಬ್ಬರಿಗೆ ಹಬ್ಬ. ನಾಗಮಂಗಲದ ಕಡೆಯ ಹಳೆಯ ಫೀಲ್ಡ್‌ಮನ್, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ಕೆಟ್ಟವರಲ್ಲ, ಆದರೆ ರಿಜಿಸ್ಟರ್ ಹೋದ ಮೇಲೆ ಅವರ ಜೀಪಿಗೆ ಯಾರೂ ಅಡ್ಡ ನಿಲ್ಲುತ್ತಿರಲಿಲ್ಲ. ಹಗಲಿಗೆ ನಾಲ್ಕು ಸಲ ನಮ್ಮ ಕಿಟಕಿಯಲ್ಲಿ ಇಣುಕುತ್ತಿದ್ದರು.

"ಏನ್ ಮಿಲ್ಟ್ರಿ ಯಜಮಾನ್ರೇ, ನಿಮ್ ಪೆಟ್ಗೆ ಇನ್ನೂ ಎದ್ದಿಲ್ವಾ? ಅದ್ಕೂ ಒಂದ್ ಲೋಟ ಕಾಪಿ ಉಯ್ರಿ ಅತ್ಲಾಗೆ."

"ನೀವು ಕುಡಿದು ಮಿಕ್ಕಿದ್ದರೆ ಕಳಿಸಿ" ಎಂದೆ.

"ನನ್ ರಿಜಿಸ್ಟ್ರುಗಳ್ನ ಗೆದ್ಲು ತಿನ್ನದಂಗೆ ಮಡ್ಗಿವ್ನಿ ಕಣ್ರಿ. ಏಳಿ ಸಾಕು, ಧೂಳ್ ಒಡ್ದು ತಂದ್ಬುಡ್ತೀನಿ."

ಅವರು ಹೇಳಿದ್ದು ಬರಿಯ ತಮಾಷೆಯಾಗಿ ಉಳಿಯಲಿಲ್ಲ. ಬುಧವಾರ ಸಂಜೆ ಐದಕ್ಕೆ ಕಬ್ಬು ಅಧಿಕಾರಿ ನನ್ನನ್ನು ಕರೆಸಿದರು. ನನ್ನ ಮಗನ ವಯಸ್ಸು, ಮರ್ಯಾದಸ್ಥರು. ಕೂರಿ ಎಂದರು. ನಾನು ನಿಂತೇ ಇದ್ದೆ.

"ಸಾರ್, ಯಾರ್ಡ್‌ನಲ್ಲಿ ಗಾಡಿಗಳಿಲ್ಲ, ಮಿಲ್ಲಿಗೆ ಕಬ್ಬು ಸಾಲ್ತಾ ಇಲ್ಲ. ಹೊರಗಡೆ ನೋಡಿದ್ರೆ ಪರ್ಮಿಟ್‌ಗೆ ಮೈಲಿ ಉದ್ದ ಜನ. ಶನಿವಾರ ಸಂಜೆವರೆಗೂ ನೋಡಿ. ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ರಿಜಿಸ್ಟರ್‌ನಲ್ಲೇ ಬರ್ಕೊಡ್ಲಿ. ನಿಮ್ ಮೇಲೆ ನಂಬಿಕೆ ಇಲ್ಲ ಅಂತಲ್ಲ."

"ಶನಿವಾರ ಬೇಕಾಗುವುದಿಲ್ಲ" ಎಂದೆ. ಯಾವ ಆಧಾರದ ಮೇಲೆ ಹಾಗೆ ಹೇಳಿದೆನೋ, ನೋಟ್‌ಬುಕ್ಕಿನಲ್ಲಿ ಬರೆದಿಲ್ಲ. ಆದರೆ ತಪ್ಪು ಇರುವುದು ಸಿಕ್ಕೇ ಸಿಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಯಂತ್ರಕ್ಕೆ ಮುನಿಸಿಲ್ಲ, ಮಾಯೆಯಿಲ್ಲ. ನಮಗೆ ಕಾಣದ ಯಾವುದೋ ಒಂದು ಹೆಜ್ಜೆಯನ್ನು ಅದು ಪ್ರಾಮಾಣಿಕವಾಗಿ ಇಡುತ್ತಿರುತ್ತದೆ. ಒಮ್ಮೆ ರಿಜಿಸ್ಟರ್ ಒಳಗೆ ಬಂದರೆ ಮಾತ್ರ ಮತ್ತೆ ಹೊರಗೆ ಹೋಗುವುದಿಲ್ಲ ಎಂಬುದೂ ಗೊತ್ತಿತ್ತು. ಎರಡು ವರ್ಷ ನೆಟ್ಟಗೆ ನಿಂತಿದ್ದ ಸರದಿ ಸೋಮವಾರ ಬೆಳಿಗ್ಗೆ ಜೀಪು ಹತ್ತಿ ಹೋಗುತ್ತಿತ್ತು.

ಗುರುವಾರ ಹನ್ನೊಂದು ಹತ್ತಕ್ಕೆ ಸಾಲಿನಲ್ಲಿ ಗಲಾಟೆ ಎದ್ದಿತು. ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದ ಒಬ್ಬ ಹೆಂಗಸು, ಐವತ್ತು ದಾಟಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲು ಬಿಟ್ಟು ಬಂದು ಕಿಟಕಿಯ ಕಂಬಿ ಹಿಡಿದು ನಿಂತಿದ್ದರು. ನನಗೆ ಅವರ ಗುರುತಿತ್ತು. ರಿಜಿಸ್ಟರ್ ಕಾಲದಲ್ಲಿ ಪ್ರತಿ ವರ್ಷವೂ ಕೊನೆಯ ವಾರ ಕಬ್ಬು ಕಡಿಸಿದವರು. ಕಂಪ್ಯೂಟರ್ ಬಂದ ಮೇಲೆ ಸರದಿಗೆ ಸರಿಯಾಗಿ ಕಡಿಸುತ್ತಿದ್ದರು.

"ಏನಣ್ಣ ಇದು ನ್ಯಾಯ? ಒತ್ತಾರೆಯಿಂದ ನೋಡ್ತಾನೇ ಇವ್ನಿ ನಾನು. ಕಿರಂಗೂರೋರು ಚೀಟಿ ಕೊಟ್ಟು ಕೈ ತಗಿಯೋಕ್ ಮುಂಚೇನೇ ಪರ್ಮಿಟ್ಟು ಉದುರ್ತದೆ. ಬೆಳಗೊಳದೋರ್ಗೂ ಅಂಗೇಯ. ನಮ್ ಸಿಂಧಘಟ್ಟದೋರು ಬಂದೇಟ್ಗೆ ನಿಮ್ ಪೆಟ್ಗೆಗೆ ನಿದ್ದೆ ಬಂದ್ಬುಡ್ತದಾ?"

ಹಿಂದಿದ್ದ ಒಬ್ಬರು ನಕ್ಕರು. "ಶ್ರೀರಂಗಪಟ್ನದೋರು ಸಾಕಿರೋ ಪೆಟ್ಗೆ ಕಣಕ್ಕ, ಪಟ್ನದ್ ಕಡೀಕೇ ವಾಲ್ತದೆ."

"ಆ ಒಳಗ್ ಕೂತಿರೋ ಅಮ್ಮಾನೂ ಬೆಳಗೊಳದೋರೇ ಅಲ್ವಾ?" ಎಂದಿತು ಇನ್ನೊಂದು ದನಿ.

ಆಪರೇಟರಿಗೆ ಮುಖ ಕೆಂಪಾಯಿತು. "ನಾನೇನ್ ಯಂತ್ರದ್ ಕಿವೀಲಿ ಊದಿದ್ದೀನಾ? ಬನ್ನಿ ಒಳಗೆ, ನೀವೇ ಒತ್ತಿ!"

"ಒತ್ತಾಕ್ ಬಂದಿದ್ರೆ ನಾನ್ಯಾಕ್ ಇಲ್ ನಿಂತ್ಕೋತಿದ್ದೆ ತಾಯಿ" ಎಂದರು ಆ ಹೆಂಗಸು. ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದರು. "ನೋಡಣ್ಣ, ಕಡಿಯೋ ಆಳ್ಗಳು ನನ್ ಗದ್ದೆ ಬದೀನಲ್ಲೇ ಗುಡ್ಲಾಕವ್ರೆ. ಬಾನ್ವಾರ ಎದ್ದೋಯ್ತೀವಿ ಅಂದವ್ರೆ. ನೀನ್ ರಿಜಿಸ್ಟ್ರು ತರ್ತೀಯಂತೆ, ಎಲ್ರೂ ಅಂತಾವ್ರೆ. ಅದ್ ಬಂದ್ರೆ ನನ್ ಪುಟ ಯಾರ್ ತಗ್ದಾರು?"

ಅವರ ಮೊದಲನೆಯ ಮಾತಿನಲ್ಲೇ ನನ್ನ ಮನಸ್ಸು ನಿಂತುಬಿಟ್ಟಿತ್ತು. ಕಿರಂಗೂರಿಗೆ ಬೇಗ, ಸಿಂಧಘಟ್ಟಕ್ಕೆ ತಡ. ಮೂರು ದಿನ ನಾನು ಬರೆದದ್ದು 'ನಿಧಾನ' ಎಂದು ಮಾತ್ರ. ಯಾರಿಗೆ ನಿಧಾನ ಎಂದು ಬರೆದಿರಲಿಲ್ಲ. ಸಾಲಿನಲ್ಲಿ ನಿಂತ ಹೆಂಗಸು ನೋಡಿದ್ದನ್ನು ನಾನು ನೋಡಿರಲಿಲ್ಲ.

ಹೊಸ ಪುಟ ತೆಗೆದು ನಾಲ್ಕು ತಾಲ್ಲೂಕಿಗೆ ನಾಲ್ಕು ಗೆರೆ ಎಳೆದೆ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟೆ. ಮಧ್ಯಾಹ್ನದವರೆಗೆ ಬಂದ ಪ್ರತಿಯೊಂದು ನಂಬರಿನ ಸಮಯ ಬರೆದುಕೊಂಡೆ. ಶ್ರೀರಂಗಪಟ್ಟಣ ತಾಲ್ಲೂಕಿನ ಊರುಗಳಿಗೆ ನಾಲ್ಕು ಸೆಕೆಂಡಿನಿಂದ ಅರ್ಧ ನಿಮಿಷ. ಪಾಂಡವಪುರದವಕ್ಕೆ ಒಂದು ನಿಮಿಷದ ಆಚೀಚೆ. ಕೆ.ಆರ್.ಪೇಟೆಗೆ ಎರಡರಿಂದ ಮೂರು, ಸಿಂಧಘಟ್ಟಕ್ಕೆ ಪೂರಾ ಮೂರು. ನಾಗಮಂಗಲದ ಪಂಪ್‌ಸೆಟ್ ಕಬ್ಬಿಗೆ ನಾಲ್ಕೂವರೆ. ಶ್ರೀರಂಗಪಟ್ಟಣದಲ್ಲಿ ಹೊರಟ ಷಟಲ್ ಬಸ್ಸು ಊರೂರಿಗೆ ನಿಂತು ನಾಗಮಂಗಲ ಮುಟ್ಟಿದ ಹಾಗೆ ಇತ್ತು ಆ ಪಟ್ಟಿ.

ಮೊದಲ ವರ್ಷ ನಾವು ಹೆಸರುಗಳನ್ನು ತುಂಬಿದ್ದೂ ಅದೇ ಕ್ರಮದಲ್ಲಿ. ಶ್ರೀರಂಗಪಟ್ಟಣ ಮೊದಲು, ನಾಗಮಂಗಲ ಕೊನೆಗೆ.

ಅರ್ಥವಾಯಿತು. ದೊಡ್ಡ ಪುಸ್ತಕದಲ್ಲಿ ಒಂದು ಹೆಸರು ಹುಡುಕಲು ಎರಡು ದಾರಿ. ಕೊನೆಯಲ್ಲಿರುವ ಪಟ್ಟಿ ನೋಡಿ ನೇರವಾಗಿ ಆ ಪುಟಕ್ಕೆ ಹೋಗುವುದು ಒಂದು. ಮೊದಲ ಪುಟದಿಂದ ಒಂದೊಂದೇ ಸಾಲು ಓದುತ್ತಾ ಹೋಗುವುದು ಇನ್ನೊಂದು. ಆ ಪಟ್ಟಿಗೆ ನಮ್ಮ ಕೆಲಸದಲ್ಲಿ ಇಂಡೆಕ್ಸ್ ಎನ್ನುತ್ತೇವೆ. ಅದಿದ್ದರೆ ಕಿರಂಗೂರಾದರೂ ಒಂದೇ, ನಾಗಮಂಗಲವಾದರೂ ಒಂದೇ. ನಮ್ಮ ಯಂತ್ರ ಪಟ್ಟಿ ಬಿಟ್ಟು ಮೊದಲಿನಿಂದ ಓದುತ್ತಿತ್ತು. ನಾನು ಪರೀಕ್ಷೆಗೆ ಇಟ್ಟುಕೊಂಡಿದ್ದ ಕಿರಂಗೂರಿನ ನಂಬರೋ, ಮೊದಲ ಪುಟದ ಎರಡನೆಯ ಸಾಲು. ಪುಸ್ತಕ ತೆರೆದರೆ ಸಾಕು, ಕಣ್ಣಿಗೆ ಬೀಳುವಂಥದ್ದು. ಎರಡು ವರ್ಷ ಬದಲಾಯಿಸದೆ ಕಾಪಾಡಿಕೊಂಡ ಶಿಸ್ತಿನ ಪರೀಕ್ಷೆ ನನಗೆ ಏನನ್ನೂ ತೋರಿಸದೆ ಸಹಿ ಹಾಕಿಸಿಕೊಂಡಿತ್ತು.

ಆದರೆ ಇಂಡೆಕ್ಸ್ ಎಲ್ಲಿ ಹೋಯಿತು? ಪ್ರತಿ ದಿನ ಬೆಳಿಗ್ಗೆ ಯಂತ್ರ ಹಾಕಿದಾಗ ಅದನ್ನು ಹೊಸದಾಗಿ ಕಟ್ಟುವಂತೆ ನಾನೇ ಬರೆದಿದ್ದೆ. ಆಪರೇಟರನ್ನು ಕೇಳಿದೆ.

"ಬೆಳಿಗ್ಗೆ ಹಾಕಿದಾಗ ಏನಾದರೂ ಬರುತ್ತದೆಯೇನಮ್ಮ?"

"ಏನೋ ಒಂದ್ ಸಾಲು ಇಂಗ್ಲಿಷ್ ಬರುತ್ತೆ ಸಾರ್. ಎಂಟರ್ ಒತ್ತಿದ್ರೆ ಹೋಗುತ್ತೆ."

"ಎಷ್ಟು ದಿನದಿಂದ?"

"ಹೊಸದು ಹಾಕಿದಾಗಿಂದ. ನೀವೇ ಹೇಳಿದ್ರಲ್ಲ, ಏನೇ ಬಂದ್ರೂ ಎಂಟರ್ ಒತ್ತಿ, ಒಂಬತ್ತಕ್ಕೆ ಕೌಂಟರ್ ತೆಗೀಲೇಬೇಕು ಅಂತ."

ಹೇಳಿದ್ದು ನಿಜ. ಗೋಡೆಯ ಮೇಲೆ ನನ್ನ ಕೈಬರಹದಲ್ಲೇ ಅಂಟಿಸಿತ್ತು.

ಶುಕ್ರವಾರ ಮೊದಲ ಬಸ್ಸಿಗೆ ಹೊರಟೆ. ಏಳಕ್ಕೆ ಕಾರ್ಖಾನೆ. ಆಪರೇಟರೂ ಆಗಲೇ ಬಂದಿದ್ದರು. ಯಂತ್ರದ ಕಿವಿಯಲ್ಲಿ ಊದುತ್ತಾರೆ ಎಂಬ ಅಪವಾದ ತಮ್ಮ ಕಣ್ಣ ಮುಂದೆಯೇ ತೊಳೆದುಹೋಗಬೇಕು ಎಂದರು. ಯಂತ್ರ ಹಾಕಿದೆವು. ಆ ಸಾಲು ಬಂತು. ಎಂಟರ್ ಒತ್ತಲು ಹೋದ ಅವರ ಬೆರಳನ್ನು ತಡೆದೆ. ಓದಿದೆ. ಒಂದನೆಯ ನಂಬರಿನ ದಾಖಲೆಯಲ್ಲಿ ಅಂಕಿ ಇರಬೇಕಾದ ಕಡೆ ಅಕ್ಷರ ಇದೆ, ಇಂಡೆಕ್ಸ್ ಕಟ್ಟಲಾಗುವುದಿಲ್ಲ ಎಂಬುದು ಅದರ ಸಾರ. ಆ ದಾಖಲೆಯನ್ನು ತೆರೆದೆ.

ಒಪ್ಪಿಗೆ ನಂಬರು ಇರಬೇಕಾದ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, 'ಶ್ರೀ' ಎಂದಿತ್ತು.

ಅದನ್ನು ಬರೆದದ್ದು ಮೊದಲ ವರ್ಷ ಯಂತ್ರಕ್ಕೆ ಪೂಜೆ ಮಾಡಿದ ದಿನ. ಕೀಬೋರ್ಡಿಗೆ ನೀರು ಹಾರೀತೆಂದು ತೆಂಗಿನಕಾಯಿಯನ್ನು ನಾನೇ ಹೊರಗೆ ಒಡೆಸಿದ್ದೆ. ಹೊಸ ರಿಜಿಸ್ಟರ್ ತೆರೆದಾಗ ಮೊದಲ ಸಾಲಿನಲ್ಲಿ ಶ್ರೀ ಬರೆಯದೆ ಎರಡನೆಯ ಸಾಲಿಗೆ ಹೋದವರು ನಮ್ಮ ಕಡೆ ಯಾರೂ ಇಲ್ಲ. ಕಾಗದಕ್ಕೆ ಇರುವ ಪದ್ಧತಿ ಯಂತ್ರಕ್ಕೂ ಇರಲಿ ಎಂದು ಆಪರೇಟರಿಗೆ ಹೇಳಿದ್ದೂ ನಾನೇ. ಹಳೆಯ ಆವೃತ್ತಿ ಅದನ್ನು ಸೊನ್ನೆ ಎಂದುಕೊಂಡು ದಾಟಿ ಹೋಗುತ್ತಿತ್ತು. ಹೊಸದು ಹಾಗಲ್ಲ. ಅಂಕಿಯ ಜಾಗದಲ್ಲಿ ಅಕ್ಷರ ಕಂಡೊಡನೆ ಪಟ್ಟಿ ಕಟ್ಟುವುದನ್ನೇ ನಿಲ್ಲಿಸಿಬಿಟ್ಟಿತ್ತು. ನನ್ನಷ್ಟೇ ಕಟ್ಟುನಿಟ್ಟು.

"ಅಳಿಸಿ" ಎಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಶ್ರೀನೇ ಅಳಿಸ್ಬುಡದಾ ಸಾರ್? ಹಂಗಾಮು ಈಗ್ತಾನೆ ಶುರುವಾಗಿದೆ. ನನ್ ಕೈಲಿ ಬೇಡ."

ನಗಬಾರದು ಎಂದು ತುಟಿ ಬಿಗಿಹಿಡಿದೆ. ಹಾಗೆ ನೋಡಿದರೆ ನನಗೂ ಬೆರಳು ತಕ್ಷಣ ಮುಂದೆ ಹೋಗಲಿಲ್ಲ. ಕೊನೆಗೆ ಒಂದು ವ್ಯವಸ್ಥೆ ಮಾಡಿದೆ. ಪರ್ಮಿಟ್ ಅಚ್ಚು ಮಾಡುವ ಪ್ರೋಗ್ರಾಂ ತೆರೆದು, ಪ್ರತಿ ಪರ್ಮಿಟ್ಟಿನ ನೆತ್ತಿಯ ಮೇಲೆ ನಡುಮಧ್ಯದಲ್ಲಿ ಶ್ರೀ ಬರುವಂತೆ ಒಂದು ಸಾಲು ಸೇರಿಸಿದೆ. "ಮೊದಲು ಒಂದು ಕಡೆ ಇತ್ತು, ಇನ್ನು ಸಾವಿರ ಕಡೆ ಇರುತ್ತದೆ. ಈಗ ಅಳಿಸಬಹುದಲ್ಲ?"

ಅವರು ಕಣ್ಣಿಗೊತ್ತಿಕೊಂಡು ಅಳಿಸಿದರು.

ಯಂತ್ರ ಆರಿಸಿ ಮತ್ತೆ ಹಾಕಿದೆವು. ಆ ಸಾಲು ಬರಲಿಲ್ಲ. ಇಂಡೆಕ್ಸ್ ಕಟ್ಟಿ ಮುಗಿಯಲು ಹನ್ನೊಂದು ನಿಮಿಷ. ಏಳು ಐವತ್ತೆರಡಕ್ಕೆ ನಾಗಮಂಗಲದ ಕೊನೆಯ ಊರಿನ ಕೊನೆಯ ನಂಬರು ಕೊಟ್ಟೆ. ಮೂರು ಸೆಕೆಂಡು. ಸಿಂಧಘಟ್ಟ, ಮೂರು ಸೆಕೆಂಡು. ಕಿರಂಗೂರು, ಮೂರು ಸೆಕೆಂಡು. ನೋಟ್‌ಬುಕ್ಕಿನಲ್ಲಿ ಬರೆದೆ. ಸಹಿ ಹಾಕಲಿಲ್ಲ. ಕೌಂಟರ್ ತೆರೆದು ಸಾಲು ಕರಗುವವರೆಗೆ ಆ ಜಾಗ ಖಾಲಿ ಇರಲಿ ಎಂದುಕೊಂಡೆ.

ಒಂಬತ್ತಕ್ಕೆ ಕಿಟಕಿ ತೆಗೆದಾಗ ಎದುರಿಗೆ ಸಿಂಧಘಟ್ಟದ ಹೆಂಗಸೇ. ಗುರುವಾರ ಅವರ ಪಾಳಿ ಬರುವ ಮುಂಚೆಯೇ ಕೌಂಟರ್ ಮುಚ್ಚಿತ್ತು, ರಾತ್ರಿ ಕೆ.ಆರ್.ಪೇಟೆಯ ನೆಂಟರ ಮನೆಯಲ್ಲಿದ್ದು ಮೊದಲಿಗರಾಗಿ ಬಂದಿದ್ದರು. ಚೀಟಿ ಒಳಗೆ ಕೊಟ್ಟು, ಮೂರು ನಿಮಿಷ ಕಾಯುವ ತಯಾರಿಯಲ್ಲಿ ಎಲೆಅಡಿಕೆ ಚೀಲ ಬಿಚ್ಚಿದರು. ಎಲೆಗೆ ಸುಣ್ಣ ಸವರುವ ಮುಂಚೆ ಪ್ರಿಂಟರ್ ಕಿರುಗುಟ್ಟಿ ಪರ್ಮಿಟ್ ಹೊರಗೆ ಬಂತು.

ಅವರು ಅದನ್ನು ಮುಟ್ಟಲಿಲ್ಲ. "ಇದ್ ನಂದಲ್ಲ."

"ನಿಮ್ಮದೇ ಅವ್ವ, ತಗೊಳ್ಳಿ."

"ಇಷ್ಟ್ ಬೇಗ ನಂದೆಂಗಾಯ್ತದೆ? ಯಾರೋ ಕಿರಂಗೂರೋರ್ದು ಕೊಟ್ಬುಟ್ಟಿದ್ದೀಯ. ಓದು ನೋಡಾವ."

ಗಟ್ಟಿಯಾಗಿ ಓದಿದೆ. ಊರು, ನಂಬರು, ಒಂದು ಎಕರೆ ಹತ್ತು ಗುಂಟೆ, ತನಿ ಬೆಳೆ, ನಾಟಿಯ ದಿನ. ಪ್ರತಿಯೊಂದಕ್ಕೂ ತಲೆಯಾಡಿಸಿದರು. ಆದರೂ ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದೆ ಕಿರಂಗೂರಿನವರೊಬ್ಬರು ನಿಂತಿದ್ದರು. "ಅವರ್ದೂ ಒತ್ತಿ, ನೋಡ್ತೀನಿ" ಎಂದರು ಆ ಹೆಂಗಸು. ಒತ್ತಿದೆವು. ಅಷ್ಟೇ ಹೊತ್ತು. ಹಿಂದಿದ್ದ ನಾಗಮಂಗಲದವರದನ್ನೂ ಒತ್ತಿಸಿದರು. ಅಷ್ಟೇ.

"ಊ, ಈಗ್ ನೆಟ್ಗಾಯ್ತು ನಿನ್ ತಕ್ಕಡಿ" ಎಂದು ಪರ್ಮಿಟ್ ಮಡಿಸಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು. "ನಾನ್ ಬಯ್ಯದೆ ಇದ್ದಿದ್ರೆ ನಿಂಗ್ ಗೊತ್ತಾಯ್ತಿತ್ತಾ?"

"ಗೊತ್ತಾಗುತ್ತಿರಲಿಲ್ಲ" ಎಂದೆ. ಅದು ಸತ್ಯ, ಹೇಳುವುದರಲ್ಲಿ ನನಗೆ ನಾಚಿಕೆ ಇರಲಿಲ್ಲ.

ಅವರ ಕಬ್ಬು ಶನಿವಾರ ಯಾರ್ಡಿಗೆ ಬಂತು. ಅದಕ್ಕೆ ಮುಂಚೆ, ಶುಕ್ರವಾರವೇ ಮಧ್ಯಾಹ್ನ ಎರಡಕ್ಕೆ ಸಾಲು ಪೂರ್ತಿ ಕರಗಿದಾಗ ಅಧಿಕಾರಿಯ ಕೋಣೆಗೆ ಹೋಗಿ, ತಪ್ಪು ಏನು, ಯಾರದು ಎಂದು ಎರಡು ವಾಕ್ಯದಲ್ಲಿ ಹೇಳಿದೆ. ಮೈಸೂರಿನವರದಲ್ಲ, ಆಪರೇಟರದಲ್ಲ, ನನ್ನದು. ಅವರು ನಕ್ಕು, ರಿಜಿಸ್ಟರ್ ಬೇಡವೆಂದು ಫೀಲ್ಡ್‌ಮನ್‌ಗೆ ಹೇಳಿಕಳಿಸಿದರು. ಅಷ್ಟರಲ್ಲಿ ಆ ಪುಣ್ಯಾತ್ಮರು ಧೂಳು ಹೊಡೆದು ನಾಲ್ಕು ರಿಜಿಸ್ಟರ್ ಜೀಪಿಗೆ ಹೇರಿಸಿಕೊಂಡು ಬಂದೇ ಬಿಟ್ಟಿದ್ದರು.

"ತಂದಿದ್ದೀನಿ, ಎಲ್ ಮಡ್ಗ್ಲಿ ಏಳಿ" ಎಂದರು, ಅಂಗಿಯೆಲ್ಲ ಧೂಳು.

"ಪ್ರಿಂಟರ್ ಸ್ಟ್ಯಾಂಡು ಅಲ್ಲಾಡುತ್ತಿದೆ, ಅದರ ಕೆಳಗೆ ಇಡಿ" ಎಂದೆ.

ಬೈದುಕೊಂಡೇ ಇಟ್ಟರು. ಆಮೇಲೆ ಅವರೇ ಕಾಫಿ ತರಿಸಿದರು.

ಸಂಜೆ ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಹಿ ಹಾಕಿದೆ. ಗೋಡೆಯ ಮೇಲಿನ ಕಾಗದ ಕಿತ್ತು ಹೊಸದು ಬರೆದು ಅಂಟಿಸಿದೆ: ಏನಾದರೂ ಬಂದರೆ ಮೊದಲು ಓದಿ, ಆಮೇಲೆ ಎಂಟರ್ ಒತ್ತಿ. ಒಂಬತ್ತಕ್ಕೆ ಐದು ನಿಮಿಷ ತಡವಾದರೂ ಚಿಂತೆಯಿಲ್ಲ ಎಂದು ಕೆಳಗೆ ಸೇರಿಸುವಾಗ ಕೈ ಸ್ವಲ್ಪ ತಡೆಯಿತು, ಆದರೂ ಸೇರಿಸಿದೆ. ಪರೀಕ್ಷೆಯ ನಂಬರನ್ನೂ ಬದಲಿಸಿದೆ. ಅಲ್ಲಿಂದ ಮುಂದೆ, ಆ ಕೌಂಟರಿನಲ್ಲಿ ನಾನಿದ್ದಷ್ಟು ವರ್ಷವೂ, ದಿನದ ಮೊದಲನೆಯ ಪ್ರಶ್ನೆ ನಾಗಮಂಗಲದ ಕೊನೆಯ ಊರಿನ ಕೊನೆಯ ರೈತನದೇ.